ಮುಂಗಾಜಿನ ನೋಟ: ಒಂದು ಜರ್ಮನ್ ರೈಲಾಟದ ಓದು

ಕನ್ನಡದಲ್ಲಿ ರೈಲಿನ ಬಗ್ಗೆ ಬರೆದವರು ಬಹುಪಾಲು ಕಿಟಕಿಯ ಪಕ್ಕ ಕೂತು ಬರೆದವರು. ಹೊಲ, ಗುಡ್ಡ, ಹೊಳೆಗಳು ಹಿಂದಕ್ಕೆ ಓಡುತ್ತವೆ. ಎದುರಿಗೆ ಕೂತವರು ಬುತ್ತಿ ಬಿಚ್ಚುತ್ತಾರೆ. ನಿಲ್ದಾಣ ಬಂದಾಗ ಚಹಾ ಮಾರುವವನ ದನಿ ಕೇಳುತ್ತದೆ. ಪ್ರವಾಸ ಕಥನವಾಗಲಿ ಸಣ್ಣಕತೆಯಾಗಲಿ, ರೈಲು ಬಂತೆಂದರೆ ನಮಗೆ ಸಿಗುವುದು ಈ ಪಕ್ಕದ ಕಿಟಕಿ. ಆದರೆ ಅದೇ ರೈಲಿಗೆ ಇನ್ನೊಂದು ಗಾಜಿದೆ: ಎಂಜಿನ್ನಿನ ಮುಂಗಾಜು. ಅದರ ಹಿಂದೆ ಕೂತವರು ಏನು ನೋಡುತ್ತಾರೆ, ಏನನ್ನು ಓದುತ್ತಾರೆ ಎಂಬುದು ನಮ್ಮ ಬರವಣಿಗೆಗೆ ಅಷ್ಟಾಗಿ ಬಂದಿಲ್ಲ.

ಪ್ರವಾಸ ಸಾಹಿತ್ಯದ ಮೇಲೆ ಸಂಶೋಧನೆ ಮಾಡುತ್ತಿರುವ ನನಗೆ ಈ ಕೊರತೆ ಕಣ್ಣಿಗೆ ಬಿದ್ದದ್ದು ಪುಸ್ತಕದಿಂದಲ್ಲ, ಒಂದು ಕಂಪ್ಯೂಟರ್ ಆಟದಿಂದ. ಈ ಬರಹ ಆ ಆಟದ ವಿಮರ್ಶೆ. ಆಟವನ್ನು ಸಾಹಿತ್ಯಕೃತಿ ಎನ್ನಬಹುದೇ ಎಂಬ ವಾದಕ್ಕೆ ನಾನು ಹೋಗುವುದಿಲ್ಲ. ವಾಸ್ತವವನ್ನು ಇದ್ದ ಹಾಗೆ ಕಟ್ಟಿಕೊಡುತ್ತೇನೆ ಎಂದು ಹೇಳಿಕೊಳ್ಳುವ ಯಾವುದಕ್ಕೇ ಆದರೂ ವಾಸ್ತವವಾದಿ ಕಾದಂಬರಿಗೆ ಕೇಳುವ ಪ್ರಶ್ನೆಯನ್ನೇ ಕೇಳಬಹುದು: ಯಾವ ವಿವರ ಒಳಗೆ ಬಂತು, ಯಾವುದು ಹೊರಗೆ ಉಳಿಯಿತು, ಯಾಕೆ?

ಆಟದ ಹೆಸರು 'ಟ್ರೇನ್ ಸಿಮ್ ವರ್ಲ್ಡ್'. ತಯಾರಿಸಿದವರು ಇಂಗ್ಲೆಂಡಿನ ಡವ್‌ಟೇಲ್ ಗೇಮ್ಸ್ ಸಂಸ್ಥೆಯವರು. ಇಂಥ ಆಟಗಳಲ್ಲಿ ಮೂಲ ಆಟ ಒಂದು ಕಪಾಟು ಇದ್ದ ಹಾಗೆ. ಒಂದೊಂದು ರೈಲು ಮಾರ್ಗವೂ ಬೇರೆಯಾಗಿ ಕೊಂಡು ಅದರಲ್ಲಿಡುವ ಪುಸ್ತಕ. ಇದಕ್ಕೆ ಆ್ಯಡ್-ಆನ್ ಎನ್ನುತ್ತಾರೆ. ನಾನು ಆಡಿದ್ದು 2018ರಲ್ಲಿ ಬಂದ 'ರೂರ್-ಜೀಗ್ ನಾರ್ಡ್' ಎಂಬ ಜರ್ಮನ್ ಮಾರ್ಗ. ಪಶ್ಚಿಮ ಜರ್ಮನಿಯ ಹಾಗೆನ್ ಎಂಬ ಕೈಗಾರಿಕಾ ಊರಿನಿಂದ ಹೊರಟು ಲೆನ್ನೆ ನದಿಯ ಕಣಿವೆಯಲ್ಲಿ ಫಿನ್ನೆನ್‌ಟ್ರೋಪ್‌ವರೆಗೆ ಅದು ಹೋಗುತ್ತದೆ. ದೂರ ಹೆಚ್ಚುಕಡಿಮೆ ಗದಗಿನಿಂದ ಹುಬ್ಬಳ್ಳಿಯಷ್ಟು. ಗದಗಿನಲ್ಲಿ ಕೂತು ಆಡುವವರಿಗೆ ಈ ಅಳತೆ ಬಹಳ ಉಪಯೋಗಕ್ಕೆ ಬರುತ್ತದೆ. ಹುಲಕೋಟಿ ಬರಬೇಕಾದ ಹೊತ್ತಿಗೆ ಅಲ್ಲಿ ಏನು ಬಂತು, ಅಣ್ಣಿಗೇರಿ ದಾಟಬೇಕಾದ ಹೊತ್ತಿಗೆ ಅಲ್ಲಿ ಏನು ದಾಟಿತು ಎಂದು ಮೈಗೇ ಗೊತ್ತಾಗುತ್ತ ಹೋಗುತ್ತದೆ.

ಈ ಕಣಿವೆಗೆ ಆಟಗಳ ಲೋಕದಲ್ಲಿ ಒಂದು ಇತಿಹಾಸವೂ ಇದೆ. 2007ರಲ್ಲಿ ಬಂದ 'ರೈಲ್ ಸಿಮ್ಯುಲೇಟರ್' ಎಂಬ ಆಟದಲ್ಲೇ ಹಾಗೆನ್‌ನಿಂದ ಜೀಗೆನ್‌ವರೆಗಿನ ಪೂರ್ತಿ ಮಾರ್ಗ ಇತ್ತು. ಹನ್ನೊಂದು ವರ್ಷಗಳ ನಂತರ ಅದರ ಉತ್ತರದ ಭಾಗವನ್ನು ಇನ್ನಷ್ಟು ವಿವರಗಳೊಂದಿಗೆ ಮತ್ತೆ ಕಟ್ಟಿದರು. ಒಂದೇ ಕಣಿವೆಯನ್ನು ಎರಡು ಸಲ ಬರೆಯುವಷ್ಟು ಓದುಗರು ಅದಕ್ಕಿದ್ದಾರೆ ಎಂದಾಯಿತು. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಂಡರೆ ಮುಂದೆ ಬೇಕಾಗುತ್ತದೆ.

ನಿಜವಾದ ಮಾರ್ಗ 1859ರಿಂದ 1861ರ ನಡುವೆ ತುಂಡು ತುಂಡಾಗಿ ತೆರೆದದ್ದು. ಉದ್ದ 106 ಕಿ.ಮೀ. ದಕ್ಷಿಣದ ಕಬ್ಬಿಣದ ನಾಡನ್ನು ಉತ್ತರದ ಕಲ್ಲಿದ್ದಲಿನ ನಾಡಿಗೆ ಜೋಡಿಸುವುದು ಅದರ ಉದ್ದೇಶ. 1965ರಲ್ಲಿ ಅದಕ್ಕೆ ವಿದ್ಯುತ್ ತಂತಿ ಬಂತು. ದಾರಿಯಲ್ಲಿ ಲೆಟ್ಮಾಥೆ, ಆಲ್ಟೆನಾ, ವೆರ್‌ಡೋಲ್, ಪ್ಲೆಟ್ಟೆನ್‌ಬೆರ್ಗ್ ಎಂಬ ಸಣ್ಣ ಊರುಗಳು. ಆಲ್ಟೆನಾ ತಂತಿ ಎಳೆಯುವ ಕಸುಬಿಗೆ ಹೆಸರಾದ ಊರು. ತಂತಿಗೆಂದೇ ಅಲ್ಲೊಂದು ವಸ್ತುಸಂಗ್ರಹಾಲಯವಿದೆ. ಬೆಟಗೇರಿಗೆ ಮಗ್ಗ ಹೇಗೋ ಆಲ್ಟೆನಾಗೆ ತಂತಿ ಹಾಗೆ. ಆಟದಲ್ಲಿ ಇದೆಲ್ಲ ಗುಡ್ಡ, ಸುರಂಗ, ನದಿಯ ತಿರುವು, ಹಳಿಗೆ ಅಂಟಿಕೊಂಡ ಕಾರ್ಖಾನೆಯ ಗೋಡೆಗಳಾಗಿ ಕಾಣುತ್ತದೆ. ಊರುಗಳು ತಾಲ್ಲೂಕು ಕೇಂದ್ರಗಳಷ್ಟೇ ದೊಡ್ಡವು. ಪ್ರತಿಯೊಂದಕ್ಕೂ ನಿಲ್ದಾಣವಿದೆ.

*

ಮೊದಲ ಒಂದೆರಡು ಸಂಜೆ ನಾನು ಪ್ರಯಾಣಿಕನ ಕಣ್ಣಿನಿಂದಲೇ ಆಡಿದೆ. ನದಿ ಎಲ್ಲಿ ಕಾಣುತ್ತದೆ, ಕೋಟೆ ಎಲ್ಲಿದೆ ಎಂದು ಹುಡುಕಿದೆ. ಆಟ ಅದನ್ನು ತಡೆಯುವುದಿಲ್ಲ. ಎದ್ದು ಹೋಗಿ ಡಬ್ಬಿಯ ಸೀಟಿನಲ್ಲಿ ಕೂರಬಹುದು. ಆದರೆ ಚಾಲಕನ ಜಾಗಕ್ಕೆ ಮರಳಿದ ಕೂಡಲೇ ಗೊತ್ತಾಗುತ್ತದೆ: ಮುಂಗಾಜಿನಲ್ಲಿ ನೋಟ ಎಂಬುದೇ ಇಲ್ಲ, ಇರುವುದು ಓದು ಮಾತ್ರ.

ಜರ್ಮನ್ ವಿದ್ವಾಂಸ ವೋಲ್ಫ್‌ಗಾಂಗ್ ಶಿವೆಲ್‌ಬುಶ್ 1977ರಲ್ಲಿ ರೈಲು ಪ್ರಯಾಣದ ಇತಿಹಾಸವನ್ನು ಬರೆದಾಗ ಮಾಡಿದ ಮುಖ್ಯ ವಾದವೊಂದಿದೆ. ಕುದುರೆ ಗಾಡಿಯಲ್ಲಿ ಹೋಗುವವನಿಗೆ ದಾರಿ ಬದಿಯ ಗಿಡ, ಕಲ್ಲು, ಮನುಷ್ಯರು ಹತ್ತಿರದಿಂದ ಸಿಗುತ್ತಿದ್ದರು. ರೈಲಿನ ವೇಗ ಆ ಹತ್ತಿರವನ್ನು ಅಳಿಸಿಹಾಕಿತು. ಉಳಿದದ್ದು ದೂರದಲ್ಲಿ ಸರಿಯುವ ಚಿತ್ರಪಟ. ಪ್ರಯಾಣಿಕ ತಾನು ಹಾದುಹೋಗುವ ನೆಲದಿಂದ ಬೇರೆಯಾಗಿ, ಒಂದು ಪಾರ್ಸಲ್ಲಿನಂತೆ ಸಾಗಿಸಲ್ಪಡುವವನಾದ. ನಮ್ಮ ಪ್ರವಾಸ ಕಥನಗಳನ್ನು ಈ ಕಣ್ಣಿನಿಂದ ಓದಿದರೆ ಅನೇಕ ಸಂಗತಿ ತಿಳಿಯಾಗುತ್ತವೆ. ಸವಣೂರಿನಲ್ಲಿ ಹುಟ್ಟಿದ ವಿ.ಕೃ. ಗೋಕಾಕರಿರಲಿ, 'ಅಪೂರ್ವ ಪಶ್ಚಿಮ' ಬರೆದ ಶಿವರಾಮ ಕಾರಂತರಿರಲಿ, ಯುರೋಪಿಗೆ ಹೋದ ನಮ್ಮ ಹಿರಿಯರು ಅಲ್ಲಿಯ ನಾಡನ್ನು ಕಂಡದ್ದು ಪ್ರಯಾಣಿಕರಾಗಿ. ಗಾಡಿ ಅವರನ್ನು ತಲುಪಿಸಿತು, ಅವರು ನಾಡನ್ನು ನೋಡಿದರು. ತಲುಪಿಸುವ ಕೆಲಸ ಯಾರದು, ಅದು ಹೇಗೆ ನಡೆಯುತ್ತದೆ ಎಂಬುದು ಪ್ರವಾಸಿಯ ಪ್ರಶ್ನೆಯಾಗುವುದು ಕಡಿಮೆ.

ಆಟ ಈ ಸಂಬಂಧವನ್ನು ತಿರುವಿ ಹಾಕುತ್ತದೆ. ಲೆನ್ನೆ ಕಣಿವೆ ಎಷ್ಟೇ ಚೆಲುವಾಗಿದ್ದರೂ ಚಾಲಕನ ಕಣ್ಣಿಗೆ ಬೇಕಾದದ್ದು ಹಳಿಯ ಬದಿಯ ಕಂಬ, ಅದರ ಮೇಲಿನ ಎರಡು ದೀಪ, ವೇಗ ಬರೆದ ಒಂದು ಫಲಕ. ಇಡೀ ಕಣಿವೆ ಆ ದೀಪಗಳ ಹಿನ್ನೆಲೆ ಮಾತ್ರ. ಇದು ಬಡ ನೋಟ ಅನಿಸಬಹುದು. ನನಗೆ ಹಾಗನ್ನಿಸಲಿಲ್ಲ. ಹಳೆಗನ್ನಡ ಪದ್ಯವೊಂದನ್ನು ಬಿಡಿಸುವಾಗ ಪುಟದ ಅಂದ ಮರೆತುಹೋಗಿ ಒಂದು ವಿಭಕ್ತಿ ಪ್ರತ್ಯಯದ ಮೇಲೆ ಕಣ್ಣು ನಿಲ್ಲುತ್ತದಲ್ಲ, ಅಂಥ ಓದು ಇದು.

*

ಆ ಓದಿನಲ್ಲಿ ಅನುವಾದದ ಸಮಸ್ಯೆಯೂ ಇದೆ. ನಮ್ಮ ರೈಲ್ವೆಯಲ್ಲಿ ಎರಡು ಹಳದಿ ದೀಪ ಹತ್ತಿದರೆ ಅರ್ಥ: ಜಾಗ್ರತೆ, ಮುಂದಿನ ಸಿಗ್ನಲ್ಲನ್ನು ನಿಯಂತ್ರಿತ ವೇಗದಲ್ಲಿ ದಾಟಲು ಸಿದ್ಧನಾಗಿರು. ಒಂದೇ ಹಳದಿ ಇದ್ದರೆ ಮುಂದಿನ ಸಿಗ್ನಲ್ಲಿನಲ್ಲಿ ನಿಲ್ಲಲು ಸಿದ್ಧನಾಗಿರಬೇಕು. ಅಂದರೆ ನಮ್ಮಲ್ಲಿ ಎರಡು ಹಳದಿ ಒಂದಕ್ಕಿಂತ ಮೆತ್ತಗಿನ ಮಾತು. ಜರ್ಮನಿಯ ಹಳೆಯ ಸಿಗ್ನಲ್ ಪದ್ಧತಿಯಲ್ಲಿ ಓರೆಯಾಗಿ ಹತ್ತುವ ಎರಡು ಹಳದಿ ದೀಪಗಳಿಗೆ ಒಂದೇ ಅರ್ಥ: ಮುಂದಿನದು ಕೆಂಪು, ನಿಲ್ಲು. ಹಸಿರು–ಹಳದಿ ಜೋಡಿ ಹತ್ತಿದರೆ ಮುಂದೆ ನಿಧಾನ, ಎರಡು ಹಸಿರಾದರೆ ಮುಂದೆ ದಾರಿ ಖುಲ್ಲಾ. ಬಣ್ಣ ಅದೇ, ಸಂಖ್ಯೆ ಅದೇ, ವ್ಯಾಕರಣ ಬೇರೆ. ಕನ್ನಡದ 'ಅವಸರ'ವನ್ನು ಹಿಂದಿಯ 'ಅವಸರ್' ಎಂದು ತಿಳಿದರೆ ಏನಾಗುತ್ತದೋ ಹಾಗೆ. ವ್ಯತ್ಯಾಸ ಇಷ್ಟೇ: ಇಲ್ಲಿ ತಪ್ಪು ಅರ್ಥದ ಹಿಂದೆ ಸಾವಿರ ಟನ್ ಭಾರ ತಳ್ಳುತ್ತಿರುತ್ತದೆ.

ಈ ಮುಂಸೂಚನೆಯ ಸಿಗ್ನಲ್ ಜರ್ಮನಿಯ ಮುಖ್ಯ ಮಾರ್ಗಗಳಲ್ಲಿ ಸಾಮಾನ್ಯವಾಗಿ ನಿಜವಾದ ಸಿಗ್ನಲ್ಲಿಗಿಂತ 1000 ಮೀಟರ್ ಮೊದಲೇ ಇರುತ್ತದೆ. ರೈಲು ಕಣ್ಣಿಗೆ ಕಂಡ ಮೇಲೆ ನಿಲ್ಲುವ ವಾಹನವಲ್ಲ ಎಂಬುದಕ್ಕೆ ಆ ಒಂದು ಕಿ.ಮೀ. ಸಾಕ್ಷಿ. ಕಾಣದಿರುವುದನ್ನು ಈಗಲೇ ಓದಿ, ಈಗಲೇ ತೀರ್ಮಾನ ಮಾಡಬೇಕು. ಚಾಲಕ ಅದನ್ನು ಓದಿದ ಎಂದು ಯಂತ್ರಕ್ಕೆ ತಿಳಿಯಬೇಕಲ್ಲ? ಅದಕ್ಕೆ ಹಳಿಯ ಬದಿಗೆ ಅಯಸ್ಕಾಂತಗಳಿವೆ. ಈ ವ್ಯವಸ್ಥೆಗೆ ಪಿ.ಝಡ್.ಬಿ. ಎಂದು ಹೆಸರು. ಎಚ್ಚರಿಕೆಯ ಸಿಗ್ನಲ್ ದಾಟಿದ ನಾಲ್ಕು ಸೆಕೆಂಡಿನೊಳಗೆ ಚಾಲಕ ಒಂದು ಗುಂಡಿ ಒತ್ತಬೇಕು. ಒತ್ತಿದ ಮೇಲೂ ಬಿಡುವಿಲ್ಲ. ಹಗುರವಾದ ಪ್ರಯಾಣಿಕ ಗಾಡಿಯಾದರೆ 23 ಸೆಕೆಂಡಿನೊಳಗೆ 85 ಕಿ.ಮೀ. ವೇಗಕ್ಕೆ ಇಳಿದಿರಬೇಕು. ಬ್ರೇಕಿನ ಬಲ ಕಡಿಮೆ ಇರುವ ಭಾರದ ಸರಕು ಗಾಡಿಯಾದರೆ 38 ಸೆಕೆಂಡು, 55 ಕಿ.ಮೀ. ಇಲ್ಲದಿದ್ದರೆ ಯಂತ್ರವೇ ಬ್ರೇಕ್ ಹಾಕುತ್ತದೆ. ನಮ್ಮಲ್ಲಿ ಈಗ ಹಂತ ಹಂತವಾಗಿ ಬರುತ್ತಿರುವ 'ಕವಚ್' ಇದೇ ಬಗೆಯ ಕಾವಲನ್ನು ರೇಡಿಯೋ ಸಂಪರ್ಕದ ಮೂಲಕ ಮಾಡುತ್ತದೆ.

ಪಿ.ಝಡ್.ಬಿ.ಗೆ ಇರುವ ಗುಂಡಿಗಳು ಮೂರು. ಅವುಗಳ ಜರ್ಮನ್ ಹೆಸರು ವಾಖ್‌ಸಾಮ್, ಫ್ರೈ, ಬೆಫೇಲ್. ಕನ್ನಡದಲ್ಲಿ ಹೇಳಿದರೆ ಎಚ್ಚರ, ಬಿಡುಗಡೆ, ಅಪ್ಪಣೆ. ಮೊದಲನೆಯದು ಸಿಗ್ನಲ್ಲನ್ನು ಕಂಡೆ ಎಂದು ಹೇಳಲು, ಎರಡನೆಯದು ಮುಂದೆ ದಾರಿ ತೆರೆದದ್ದು ಖಚಿತವಾದಾಗ ನಿರ್ಬಂಧದಿಂದ ಹೊರಬರಲು, ಮೂರನೆಯದು ಮೇಲಿನವರ ಅನುಮತಿಯಿಂದ ಕೆಂಪು ಸಿಗ್ನಲ್ಲನ್ನೇ ನಿಧಾನವಾಗಿ ದಾಟಬೇಕಾದಾಗ. ಶರಣರ ನಾಡಿನಲ್ಲಿ ಬೆಳೆದವರಿಗೆ ಈ ಮೂರು ಪದಗಳು ಒಂದರ ಪಕ್ಕ ಒಂದು ಕೂತರೆ ಬೇರೆ ಏನೇನೋ ನೆನಪಾಗುವುದು ಸಹಜ. ಆ ನೆನಪನ್ನು ನಾನು ಎಳೆದಾಡುವುದಿಲ್ಲ. ಇಷ್ಟು ಮಾತ್ರ ಹೇಳಬಹುದು: ಎಚ್ಚರ ಎಂಬುದು ಈ ಆಟದಲ್ಲಿ ಮನಸ್ಸಿನ ಗುಣವಲ್ಲ, ಕೈ ಮಾಡಬೇಕಾದ ಕೆಲಸ. ಅದನ್ನು ಮತ್ತೆ ಮತ್ತೆ, ಗೊತ್ತಾದ ಹೊತ್ತಿಗೆ, ಮಾಡಿ ತೋರಿಸಬೇಕು.

ಇದಕ್ಕಿಂತ ಕಠಿಣವಾದದ್ದು ಸಿಫಾ ಎಂಬ ಇನ್ನೊಂದು ವ್ಯವಸ್ಥೆ. ಚಾಲಕ ಕಾಲಿನಿಂದ ಒತ್ತಿ ಹಿಡಿದಿರುವ ಪೆಡಲನ್ನು 30 ಸೆಕೆಂಡಿಗೊಮ್ಮೆಯಾದರೂ ಬಿಟ್ಟು ಮತ್ತೆ ಒತ್ತಬೇಕು. ಮರೆತರೆ ಮೊದಲು ದೀಪ, ಆಮೇಲೆ ಸದ್ದು, ಆಮೇಲೆ ಬ್ರೇಕು. ಚಾಲಕ ಬದುಕಿದ್ದಾನೆ, ಎಚ್ಚರವಾಗಿದ್ದಾನೆ ಎಂದು ಅರ್ಧ ನಿಮಿಷಕ್ಕೊಮ್ಮೆ ರುಜು ಹಾಕಿದ ಹಾಗೆ. ನಮ್ಮ ಎಂಜಿನ್ನುಗಳಲ್ಲೂ ಇಂಥ ವಿ.ಸಿ.ಡಿ. ಎಂಬ ಸಾಧನವಿದೆ. ಅಲ್ಲಿ ಗಡುವು ಒಂದು ನಿಮಿಷ. ರಾತ್ರಿ ಎರಡು ಗಂಟೆಗೆ ಗದಗ ನಿಲ್ದಾಣವನ್ನು ಸದ್ದು ಮಾಡುತ್ತ ದಾಟುವ ಅದಿರಿನ ಗಾಡಿಯ ಹಿಂದೆ ಇಂಥ ಎಷ್ಟು ರುಜುಗಳಿರುತ್ತವೆ ಎಂದು ಈ ಆಟ ಆಡುವ ಮೊದಲು ನಾನು ಯೋಚಿಸಿರಲಿಲ್ಲ. ಹಾಸಿಗೆಯಲ್ಲಿ ಕೇಳಿಸುವ ಆ ಸದ್ದು ಈಗ ನನಗೆ ಒಬ್ಬ ಮನುಷ್ಯನ ಕೆಲಸದ ಸದ್ದು.

ಆ್ಯಡ್-ಆನಿನ ನಿಜವಾದ ಸಾಧನೆ ಇದೇ. ಚಿತ್ರಗಳ ಸೊಗಸಿಗಿಂತ ಹೆಚ್ಚಾಗಿ ಅದು ಹೊಣೆಯನ್ನು ವಿವರವಾಗಿ ಮಾರ್ಪಡಿಸುತ್ತದೆ. ಸರಕು ಗಾಡಿಗೆ ಬ್ರೇಕ್ ಹಾಕಿದರೆ ಅದು ಕೊನೆಯ ಡಬ್ಬಿಯವರೆಗೆ ತಲುಪಲು ಹೊತ್ತು ಹಿಡಿಯುತ್ತದೆ. ಬಿಟ್ಟರೆ ಸಡಿಲವಾಗಲೂ ಹೊತ್ತು ಬೇಕು. ಆ ಹೊತ್ತನ್ನು ಆಟ ಕತ್ತರಿಸುವುದಿಲ್ಲ. ಬೇಸರವನ್ನೂ ಕತ್ತರಿಸುವುದಿಲ್ಲ. ಕೆಂಪು ಸಿಗ್ನಲ್ಲಿನ ಮುಂದೆ ಎಷ್ಟೋ ನಿಮಿಷ ಸುಮ್ಮನೆ ನಿಂತಿರಬೇಕು. ಬಹುಪಾಲು ಆಟಗಳು, ಬಹುಪಾಲು ಕತೆಗಳು ಜಿಗಿದುಬಿಡುವ ಈ ಹೊತ್ತನ್ನು ಉಳಿಸಿಕೊಂಡದ್ದು ಸಣ್ಣ ಸಂಗತಿಯಲ್ಲ.

*

ಗದಗ–ಬೆಟಗೇರಿಗೆ ಜರ್ಮನ್ ಭಾಷೆ ಹೊಸದಲ್ಲ. ಬಾಸೆಲ್ ಮಿಶನ್ನಿನವರು 1841ರಲ್ಲೇ ಬೆಟಗೇರಿಯಲ್ಲಿ ನೆಲೆ ಮಾಡಿದರು. ಅದೇ ಮಿಶನ್ನಿನಿಂದ ಬಂದ ಫರ್ಡಿನಾಂಡ್ ಕಿಟೆಲ್ ಹುಬ್ಬಳ್ಳಿ, ಧಾರವಾಡ, ಮಂಗಳೂರು, ಮಡಿಕೇರಿಗಳಲ್ಲಿ ದುಡಿದು 1894ರಲ್ಲಿ ಎಪ್ಪತ್ತು ಸಾವಿರದಷ್ಟು ಪದಗಳ ಕನ್ನಡ ನಿಘಂಟು ಕೊಟ್ಟರು. ನಿಘಂಟನ್ನು ಇಲ್ಲಿ ತಂದದ್ದು ಹೆಮ್ಮೆಗಲ್ಲ, ಹೋಲಿಕೆಗೆ. ಯಾವ ಪದವೂ ಕೀಳಲ್ಲ, ಒಕ್ಕಲಿಗನ ಬಾಯಿಯ ಮಾತಿಗೂ ಕಾವ್ಯದ ಮಾತಿಗೂ ಒಂದೇ ಶ್ರದ್ಧೆ ಬೇಕು ಎಂಬ ಮನೋಧರ್ಮ ನಿಘಂಟಿನದು. ರೈಲಾಟ ಕಟ್ಟುವವರಲ್ಲೂ ಅಂಥ ಶ್ರದ್ಧೆ ಇದೆ. ಒಂದು ಸ್ವಿಚ್ಚಿನ ಸದ್ದು ಹೇಗಿರಬೇಕು, ಯಾವ ಕಂಬ ಎಲ್ಲಿರಬೇಕು ಎಂಬುದರ ಬಗ್ಗೆ ಅವರು ಹಟ ಹಿಡಿಯುತ್ತಾರೆ. ಆದರೆ ನಿಘಂಟು ಜನರ ಬಾಯಿಯನ್ನು ಬಿಟ್ಟು ಆಗುವುದಿಲ್ಲ. ಆಟ ಜನರನ್ನು ಬಿಟ್ಟೂ ನಡೆಯುತ್ತದೆ. ನನ್ನ ತಕರಾರು ಶುರುವಾಗುವುದು ಇಲ್ಲಿ.

ಆಟದ ಪ್ಲಾಟ್‌ಫಾರ್ಮುಗಳಲ್ಲಿ ಜನ ಇದ್ದಾರೆ. ಬಾಗಿಲು ತೆರೆದರೆ ಹತ್ತುತ್ತಾರೆ, ಇಳಿಯುತ್ತಾರೆ. ಅದೇ ನಾಲ್ಕೈದು ಮುಖಗಳು ಮತ್ತೆ ಮತ್ತೆ ಬರುತ್ತವೆ. ಯಾರ ಕೈಯಲ್ಲೂ ಗಂಟಿಲ್ಲ, ಯಾರೂ ಯಾರನ್ನೂ ಬೀಳ್ಕೊಡುವುದಿಲ್ಲ. ಹಳಿ ಬದಲಾಗುತ್ತದೆ, ಬದಲಿಸಿದವರಿಲ್ಲ. ಸಿಗ್ನಲ್ ಹಸಿರಾಗುತ್ತದೆ, ಹಸಿರು ಮಾಡಿದವರಿಲ್ಲ. ಹಳಿ ಗಟ್ಟಿಯಾಗಿದೆ, ಅದನ್ನು ಗಟ್ಟಿಯಾಗಿಟ್ಟವರಿಲ್ಲ. ಚಾಲಕ ಮತ್ತು ಯಂತ್ರ, ಇಬ್ಬರೇ. ಒಬ್ಬನ ಎಚ್ಚರವನ್ನು ಸೆಕೆಂಡಿನ ಲೆಕ್ಕದಲ್ಲಿ ಕೊಡುವ ಆಟ ಉಳಿದವರ ಎಚ್ಚರವನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ.

ಈ ಕೊರತೆ ಎಷ್ಟು ದೊಡ್ಡದೆಂದು ತಿಳಿಯಲು ಜರ್ಮನ್ ಸಾಹಿತ್ಯವನ್ನೇ ನೋಡಬಹುದು. ಗೆರ್ಹಾರ್ಟ್ ಹಾಪ್ಟ್‌ಮನ್ 1888ರಲ್ಲಿ ಪ್ರಕಟಿಸಿದ 'ಬಾನ್‌ವೆರ್ಟರ್ ಟೀಲ್' ಎಂಬ ನೀಳ್ಗತೆಯ ನಾಯಕ ಒಬ್ಬ ರೈಲ್ವೆ ಗೇಟಿನ ಕಾವಲುಗಾರ. ಕಾಡಿನ ನಡುವೆ ಹಳಿಯ ಬದಿಗೆ ಅವನ ಗುಡಿಸಲು. ಗಾಡಿ ಬರುತ್ತದೆ, ಅವನು ಗೇಟು ಹಾಕುತ್ತಾನೆ, ಗಾಡಿ ಹೋಗುತ್ತದೆ. ಸತ್ತ ಮೊದಲ ಹೆಂಡತಿಯ ನೆನಪು, ಎರಡನೆಯ ಹೆಂಡತಿಯ ದಬ್ಬಾಳಿಕೆ, ಮೊದಲ ಹೆಂಡತಿಯ ಮಗನ ಮೇಲಿನ ಅಸಹಾಯಕ ಪ್ರೀತಿ. ಕೊನೆಗೆ ಆ ಮಗ ಅವನೇ ಕಾಯುವ ಹಳಿಯ ಮೇಲೆ ಗಾಡಿಗೆ ಸಿಕ್ಕು ಸಾಯುತ್ತಾನೆ. ಟೀಲ್ ಹುಚ್ಚನಾಗಿ ಹೆಂಡತಿಯನ್ನೂ ಅವಳ ಕೂಸನ್ನೂ ಕೊಲ್ಲುತ್ತಾನೆ. ಆ ಕತೆಯಲ್ಲಿ ರೈಲು ಎಂಬುದು ಒಬ್ಬ ಬಡ ನೌಕರನ ಬಾಳಿನ ಎರಡು ತುದಿಗಳನ್ನು ಕಟ್ಟಿದ ಹಗ್ಗ. ಎಂಜಿನ್ನಿನ ಮುಂಗಾಜಿನಿಂದ ನೋಡಿದರೆ ಟೀಲ್ ಕಾಣುವುದು ಒಂದು ಕ್ಷಣ, ಕೈಯಲ್ಲಿ ಬಾವುಟ ಹಿಡಿದ ಒಂದು ಆಕೃತಿಯಾಗಿ. ಆಟದಲ್ಲಿ ಆ ಆಕೃತಿಯೂ ಇಲ್ಲ. ಅವನ ಜಾಗದಲ್ಲಿ ತಾನೇ ಬೀಳುವ, ತಾನೇ ಏಳುವ ಗೇಟು ಇದೆ.

ಕಾಲದ ವಿಷಯದಲ್ಲೂ ಹೀಗೇ. ಆಟದೊಳಗೆ ಮಳೆ ಸುರಿಸಬಹುದು, ಹಿಮ ಬೀಳಿಸಬಹುದು, ಹಗಲು ರಾತ್ರಿ ಮಾಡಬಹುದು. ಆದರೆ ಲೆನ್ನೆ ಉಕ್ಕುವುದಿಲ್ಲ. 2021ರ ಜುಲೈ ತಿಂಗಳಲ್ಲಿ ನಿಜವಾದ ಕಣಿವೆಯಲ್ಲಿ ಪ್ರವಾಹ ಬಂದು ಆಲ್ಟೆನಾದ ಬೀದಿಗಳಲ್ಲಿ ನೀರು ನುಗ್ಗಿತು. 2018ರ ಆಟದಲ್ಲಿ ಕಣಿವೆ ಅಂದಿನ ಹಾಗೆಯೇ ಶಾಂತವಾಗಿದೆ. ಮಲಪ್ರಭೆಯ ದಂಡೆಯ ಹೊಳೆಆಲೂರನ್ನು ಬಲ್ಲವರಿಗೆ, 2019ರ ಆಗಸ್ಟಿನಲ್ಲಿ ರೋಣ, ನರಗುಂದ ತಾಲ್ಲೂಕುಗಳ ಊರುಗಳು ನೀರಿನಲ್ಲಿ ನಿಂತದ್ದನ್ನು ಕಂಡವರಿಗೆ, ಈ ಶಾಂತಿ ಸ್ವಲ್ಪ ಹೆಚ್ಚೇ ಅನಿಸುತ್ತದೆ. ಮಳೆ ಬಂದರೂ ಹೊಳೆ ಏರದ ವಾಸ್ತವತೆ ಅರ್ಧ ವಾಸ್ತವತೆ.

*

ಈಗ ಆಗಲೇ ನೆನಪಿಟ್ಟುಕೊಳ್ಳಿ ಎಂದ ಮಾತಿಗೆ ಬರುತ್ತೇನೆ. ಒಂದೇ ಕಣಿವೆಯನ್ನು ಎರಡು ಸಲ ಕಟ್ಟಿದರು. ಯಾಕೆಂದರೆ ಅದನ್ನು ಕೊಳ್ಳುವವರಿದ್ದಾರೆ. ವಿವರ ಎಂಬುದು ಶ್ರದ್ಧೆ ಇದ್ದಲ್ಲಿಗೆ ಹೋಗುತ್ತದೆ, ನಿಜ. ಜೊತೆಗೆ ದುಡ್ಡು ಇದ್ದಲ್ಲಿಗೂ ಹೋಗುತ್ತದೆ. ಭಾರತದಲ್ಲಿ ಇಂಥ ಆಟಗಳು ಇಲ್ಲವೆಂದಲ್ಲ. ಚೆನ್ನೈನ ಹೈಬ್ರೋ ಇಂಟರ್‌ಆ್ಯಕ್ಟಿವ್ ಸಂಸ್ಥೆಯ 'ಇಂಡಿಯನ್ ಟ್ರೇನ್ ಸಿಮ್ಯುಲೇಟರ್' ಮೊಬೈಲಿನಲ್ಲಿ ಹುಡುಗರ ಕೈಯಲ್ಲೆಲ್ಲ ಇದೆ. ಮೈಕ್ರೋಸಾಫ್ಟಿನ ಹಳೆಯ ಆಟಕ್ಕೂ, ಉಚಿತವಾಗಿ ಸಿಗುವ 'ಓಪನ್ ರೈಲ್ಸ್'ಗೂ ನಮ್ಮ ಎಂಜಿನ್ನುಗಳನ್ನು, ಮಾರ್ಗಗಳನ್ನು ಹವ್ಯಾಸಿಗಳು ಬಿಡುವಿನ ಹೊತ್ತಿನಲ್ಲಿ, ಲಾಭದ ಆಸೆಯಿಲ್ಲದೆ ಮಾಡಿದ್ದಾರೆ. ಆ ದುಡಿಮೆಗೆ ಗೌರವ ಸಲ್ಲಬೇಕು. ಆದರೆ ಎರಡು ಬಣ್ಣದ ಹಳದಿ ಹೂವು ಎಲ್ಲಿ ಬರಬೇಕೆಂದು ಯೋಚಿಸುವಷ್ಟು ಪುರುಸೊತ್ತಿನಿಂದ ಗದಗ–ಹುಬ್ಬಳ್ಳಿ ಮಾರ್ಗವನ್ನು ಕಟ್ಟಿದರೆ ಅದು ಹೇಗಿರಬೇಕು?

ಮೊದಲು ಮಣ್ಣು ಬೇಕು. ಇಲ್ಲಿಯ ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಅದರ ಮೇಲೆ ಹಾಕಿದ ಹಳಿಯನ್ನು ನೆಟ್ಟಗೆ ಇಡುವುದು ಮುಗಿಯದ ಕೆಲಸ. ಜರ್ಮನ್ ಕಣಿವೆಯ ಕಲ್ಲಿನ ನೆಲಕ್ಕೆ ಬರೆದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಹಾಗಾಗಿ ಎರಡನೆಯದಾಗಿ ಕೀಮನ್ ಬೇಕು. ಬೆಳಿಗ್ಗೆ ಹೆಗಲ ಮೇಲೆ ಸುತ್ತಿಗೆ ಹೊತ್ತು ತನ್ನ ಪಾಲಿನ ಹಳಿಯುದ್ದಕ್ಕೂ ನಡೆದು ಒಂದೊಂದು ಕೀಲಿಯನ್ನೂ ನೋಡುವವನು. ಗ್ಯಾಂಗ್‌ಮನ್‌ಗಳು, ಪಾಯಿಂಟ್ಸ್‌ಮನ್, ಗೇಟಿನವರು, ಸ್ಟೇಷನ್ ಮಾಸ್ತರು, 2022ರಿಂದ 'ಟ್ರೇನ್ ಮ್ಯಾನೇಜರ್' ಎಂಬ ಹೆಸರು ಪಡೆದರೂ ಎಲ್ಲರ ಬಾಯಲ್ಲಿ ಗಾರ್ಡ್ ಆಗಿಯೇ ಉಳಿದವರು ಬೇಕು. ಮೂರನೆಯದಾಗಿ ಋತು ಬೇಕು: ಹಿಂಗಾರಿನಲ್ಲಿ ಬಿಳಿಜೋಳ, ಕಡಲೆ, ಹಳದಿಯಿಂದ ಕೇಸರಿಗೆ ತಿರುಗುವ ಕುಸುಬಿ. ಬಿಂಕದಕಟ್ಟಿ, ಹುಲಕೋಟಿ, ಅಣ್ಣಿಗೇರಿ, ಹೆಬಸೂರು, ಕುಸುಗಲ್ಲು. ಕೊನೆಗೆ ಹುಬ್ಬಳ್ಳಿಯ 1507 ಮೀಟರ್ ಉದ್ದದ, ಜಗತ್ತಿನಲ್ಲೇ ಉದ್ದನೆಯದೆಂದು ಹೆಸರಾದ ಪ್ಲಾಟ್‌ಫಾರ್ಮು. ಮಾರಾಟಕ್ಕೆ ಆ ಪ್ಲಾಟ್‌ಫಾರ್ಮು ಒಂದೇ ಸಾಕು. ಆದರೆ ಮಾರ್ಗವನ್ನು ಕೃತಿಯಾಗಿಸುವುದು ಕೀಮನ್.

ಜರ್ಮನ್ ರೈಲು ಬೇಕೇ ಬೇಕು ಅನ್ನುವವರಿಗೆ ಅದೂ ಇಲ್ಲೇ ಇದೆ. ಇಂದು ಗದಗಿನಲ್ಲಿ ನಿಲ್ಲುವ ಹಲವು ಗಾಡಿಗಳ ಎಲ್‌ಎಚ್‌ಬಿ ಡಬ್ಬಿಗಳು ಜರ್ಮನಿಯ ಲಿಂಕೆ-ಹಾಫ್‌ಮನ್-ಬುಶ್ ಕಂಪನಿಯ ವಿನ್ಯಾಸದವು. ತಂತ್ರಜ್ಞಾನ ಅಲ್ಲಿಂದ ಬಂತು, ತಯಾರಿ ಇಲ್ಲಿ ಆಗುತ್ತಿದೆ. ಆ ಡಬ್ಬಿಯೊಳಗೆ ಜೋಳದ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿಕೊಳ್ಳುತ್ತದೆ. ವಸ್ತುಗಳು ಊರಿಗೆ ಒಗ್ಗುವುದು ಹೀಗೆ. ಆಟ ಮಾತ್ರ ಇನ್ನೂ ಒಗ್ಗಿಲ್ಲ.

*

ಗದಗಿಗೆ ರೈಲು ಬಂದದ್ದು 1880ರ ದಶಕದಲ್ಲಿ, ಸದರ್ನ್ ಮರಾಠಾ ರೈಲ್ವೆಯ ಮೀಟರ್ ಗೇಜ್ ಹಳಿಯಾಗಿ. 1876–78ರ ಬರದ ನೆನಪು, ಹತ್ತಿಯನ್ನು ಬಂದರಿಗೆ ಮುಟ್ಟಿಸುವ ಲಾಭ, ಎರಡೂ ಅದರ ಹಿಂದೆ ಇದ್ದವು. ಆಗ ಗದಗ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿತ್ತು. ಶಿರಹಟ್ಟಿ ಸಾಂಗಲಿ ಸಂಸ್ಥಾನದಲ್ಲಿ, ಲಕ್ಷ್ಮೇಶ್ವರ ಮಿರಜ ಸಂಸ್ಥಾನದಲ್ಲಿದ್ದವು. ಹಳಿ ಗದಗಿನಿಂದ ಪಶ್ಚಿಮಕ್ಕೆ ಹುಬ್ಬಳ್ಳಿಗೆ, ಪೂರ್ವಕ್ಕೆ ಕೊಪ್ಪಳ, ಹೊಸಪೇಟೆಗೆ, ಉತ್ತರಕ್ಕೆ ಬಾದಾಮಿ, ವಿಜಯಪುರದ ಕಡೆಗೆ ಹೋಯಿತು. ದಕ್ಷಿಣಕ್ಕೆ ಹೋಗಲಿಲ್ಲ. ದಕ್ಷಿಣದಲ್ಲಿ ಶಿರಹಟ್ಟಿ, ಲಕ್ಷ್ಮೇಶ್ವರ, ಆಗ್ನೇಯಕ್ಕೆ ಮುಂಡರಗಿ, ನಡುವೆ ಕಪ್ಪತಗುಡ್ಡ. 'ಕವಿರಾಜಮಾರ್ಗ' ತಿರುಳ್ಗನ್ನಡದ ಸೀಮೆ ಹೇಳುವಾಗ ಹೆಸರಿಸುವ ಪುಲಿಗೆರೆ ಇದೇ ಲಕ್ಷ್ಮೇಶ್ವರ. ಆ ಪಟ್ಟಿಯ ಕೊಪಣ ಅಂದರೆ ಕೊಪ್ಪಳಕ್ಕೆ ರೈಲು ಬಂತು, ಪುಲಿಗೆರೆಗೆ ಇಂದಿಗೂ ಇಲ್ಲ. ಲಕ್ಷ್ಮೇಶ್ವರದವರು ಗಾಡಿ ಹಿಡಿಯಬೇಕೆಂದರೆ ಗುಡಗೇರಿಗೋ ಯಲವಿಗಿಗೋ ಹೋಗಬೇಕು. ಶಿರಹಟ್ಟಿ, ಮುಂಡರಗಿಯವರಿಗೆ ಬಸ್ಸೇ ಗತಿ.

ಗದಗ–ಯಲವಿಗಿ ನಡುವೆ ಶಿರಹಟ್ಟಿ, ಲಕ್ಷ್ಮೇಶ್ವರದ ಮೇಲೆ ಹೊಸ ಮಾರ್ಗ ಹಾಕುವ ಪ್ರಸ್ತಾಪ ವರ್ಷಗಳಿಂದ ಇದೆ. ಮುಂಡರಗಿಯಿಂದ ಹೂವಿನಹಡಗಲಿ ಕಡೆಗೆ ಹಳಿ ಬೇಕೆಂಬ ಬೇಡಿಕೆಯೂ ಹಳೆಯದು. ಮನವಿ, ಧರಣಿ, ಪತ್ರಿಕೆಯ ಸುದ್ದಿಗಳಲ್ಲಿ ಈ ಮಾರ್ಗಗಳು ಬದುಕಿವೆ. ಆದರೆ ಆ ಬರಹಗಳಲ್ಲಿ ಮಾರ್ಗ ಎಂದರೆ ನಕ್ಷೆಯ ಮೇಲೆ ಎರಡು ಊರುಗಳನ್ನು ಸೇರಿಸುವ ಒಂದು ಗೆರೆ. ವಿವರಗಳಿಲ್ಲ.

ಜರ್ಮನ್ ಆಟ ಕಲಿಸುವ ಪಾಠ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಇಂಥ ಆಟಗಳ ಜೊತೆ ಸಿಗುವ ಮಾರ್ಗ ಕಟ್ಟುವ ಸಲಕರಣೆ ಹಿಡಿದು ಯಾರಾದರೂ ಗದಗ–ಯಲವಿಗಿ ಹಳಿಯನ್ನು ಪರದೆಯ ಮೇಲೆ ಹಾಕಲು ಕೂತರೆ ಮೊದಲ ದಿನವೇ ಪ್ರಶ್ನೆಗಳು ಏಳುತ್ತವೆ. ಲಕ್ಷ್ಮೇಶ್ವರದ ನಿಲ್ದಾಣ ಎಲ್ಲಿರಬೇಕು, ಎಪಿಎಂಸಿ ಹತ್ತಿರವೋ ಬಸ್ ನಿಲ್ದಾಣದ ಹತ್ತಿರವೋ? ಶಿರಹಟ್ಟಿಯ ಫಕೀರೇಶ್ವರ ಮಠದ ಜಾತ್ರೆಗೆ ಬರುವ ಹಿಂದೂ ಮುಸ್ಲಿಂ ಭಕ್ತರು ಯಾವ ಕಡೆಯಿಂದ ಇಳಿಯಬೇಕು? ಎತ್ತಿನ ಗಾಡಿ, ಟ್ರ್ಯಾಕ್ಟರು ದಾಟಲು ಎಲ್ಲಿ ಗೇಟು, ಎಲ್ಲಿ ಕೆಳಸೇತುವೆ? ಹಳಿ ಯಾರ ಹೊಲವನ್ನು ಎರಡಾಗಿ ಸೀಳುತ್ತದೆ? ಪರದೆಯ ಮೇಲೆ ಆ ಹೊಲ ಬರೀ ಒಂದು ಬಣ್ಣ. ನೆಲದ ಮೇಲೆ ಅದಕ್ಕೆ ಒಬ್ಬ ಒಡೆಯನಿದ್ದಾನೆ, ಪಹಣಿಯಿದೆ, ಮೂರು ತಲೆಮಾರಿನ ನೆನಪಿದೆ. ಆಟ ಈ ಪ್ರಶ್ನೆಗಳನ್ನು ಎಬ್ಬಿಸಬಲ್ಲದು. ಉತ್ತರಿಸಲಾರದು. ಉತ್ತರಕ್ಕೆ ಊರಿನ ಭಾಷೆ ಬೇಕು, ಊರಿನಲ್ಲಿ ಅಡ್ಡಾಡಿ ಬರೆದವರು ಬೇಕು.

ಆದ್ದರಿಂದ ನನ್ನ ತೀರ್ಮಾನ ಹೀಗಿದೆ. 'ರೂರ್-ಜೀಗ್ ನಾರ್ಡ್' ಒಬ್ಬ ಕೆಲಸಗಾರನ ಗಮನವನ್ನು ಎಷ್ಟು ಸೂಕ್ಷ್ಮವಾಗಿ ಕಟ್ಟಬಹುದೆಂಬುದಕ್ಕೆ ಒಳ್ಳೆಯ ಮಾದರಿ. ಹಳಿಯ ಸುತ್ತಲಿನ ಉಳಿದ ಕೆಲಸಗಾರರನ್ನು ಎಷ್ಟು ಸುಲಭವಾಗಿ ಅಳಿಸಬಹುದೆಂಬುದಕ್ಕೂ ಮಾದರಿ. ಸಾಹಿತ್ಯದ ವಿದ್ಯಾರ್ಥಿಗಳು ಅದನ್ನು ಆಡಬೇಕು, ಎರಡೂ ಕಾರಣಕ್ಕೆ. ಪಕ್ಕದ ಕಿಟಕಿಯ ಪ್ರವಾಸ ಕಥನ ನಮ್ಮಲ್ಲಿ ಬೇಕಾದಷ್ಟಿದೆ. ಮುಂಗಾಜಿನ ಕಥನ, ಕೀಮನ್ನಿನ ಕಾಲ್ನಡಿಗೆಯ ಕಥನ, ಗೇಟಿನ ಗುಡಿಸಲ ಕಥನ ಇನ್ನೂ ಬರಬೇಕು. ಹಳಿಯೇ ಬಾರದ ಊರಿನ ಕಥನವೂ ಬರಬೇಕು. ಲಕ್ಷ್ಮೇಶ್ವರಕ್ಕೆ ಗಾಡಿ ಬರುವ ದಿನ ಯಾವುದೋ ರೈಲ್ವೆಯವರ ಕೈಯಲ್ಲಿದೆ. ಅದು ಬಂದಾಗ ಯಾರ ಹೊಲದ ಮೇಲೆ, ಯಾರ ಎಚ್ಚರದ ಮೇಲೆ ಬಂತು ಎಂದು ಬರೆದಿಡುವುದು ನಮ್ಮ ಕೈಯಲ್ಲಿದೆ.